ಗ್ರಂಥಾಲಯ ಮುಖ್ಯಸ್ಥರ ಸಂಘದ ಕಾರ್ಯದರ್ಶಿ ಆಗೋ ಮುಂಚೆ ಏನೇನು ಕೇಳಿ ತಿಳ್ಕೋಬೇಕು?

ಕೊಪ್ಪಳದ ಓದುಗ:
ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆಯ ಕಾಲೇಜು, ವಿಶ್ವವಿದ್ಯಾಲಯ, ಸಾರ್ವಜನಿಕ ಗ್ರಂಥಾಲಯಗಳ ಮುಖ್ಯಸ್ಥರು ಸೇರಿ ಮಾಡಿಕೊಂಡ ನೋಂದಾಯಿತ ಸಂಘ. ಕಾರ್ಯದರ್ಶಿ ಸ್ಥಾನಕ್ಕೆ ನನ್ನ ಹೆಸರು ಸೂಚಿಸುತ್ತೇವೆ ಅಂತಿದ್ದಾರೆ. ಸಂಬಳವಿಲ್ಲ, ಗೌರವಧನವಿಲ್ಲ, ಮೂರು ವರ್ಷದ ಅವಧಿ. ನಾನು ಅನುದಾನಿತ ಕಾಲೇಜಿನ ಗ್ರಂಥಪಾಲಕ. ಕೆಲಸ ನಿಜವಾಗಿ ಎಷ್ಟಿರುತ್ತದೆ, ಹಳಬರಿಂದ ಏನೇನು ವಹಿಸಿಕೊಳ್ಳಬೇಕು, ಕಾನೂನಿನ ಪ್ರಕಾರ ಯಾವುದು ನನ್ನ ತಲೆ ಮೇಲೆ ಬರುತ್ತದೆ? "ಏನೂ ಇಲ್ಲ ಸರ್, ವರ್ಷಕ್ಕೆರಡು ಕಾರ್ಯಕ್ರಮ ಅಷ್ಟೆ" ಅನ್ನೋ ಉತ್ತರ ಈಗಾಗಲೇ ಸಿಕ್ಕಿದೆ, ಅದು ಬೇಡ.

ಎಡದಂಡೆ, ಸಿಂಧನೂರು:
ಮೊದಲು ಚಾರ್ಜ್, ಶಾಲು ಹಾರ ಎಲ್ಲ ಆಮೇಲೆ. ಕಾಲೇಜಿನಲ್ಲಿ ಪ್ರಭಾರ ವಹಿಸಿಕೊಳ್ಳುವಾಗ ಪಟ್ಟಿ ಮಾಡಿ ಸಹಿ ಹಾಕುತ್ತೀರಲ್ಲ, ಇಲ್ಲೂ ಹಾಗೇ. ಎರಡು ಪ್ರತಿ ಮಾಡಿ. ಹಳೆಯ ಕಾರ್ಯದರ್ಶಿ, ನೀವು, ಅಧ್ಯಕ್ಷರು ಮೂವರ ಸಹಿಯೂ ಇರಲಿ.

ಪಟ್ಟಿಯಲ್ಲಿ ಇರಬೇಕಾದ್ದು: ನೋಂದಣಿ ಪ್ರಮಾಣಪತ್ರದ ಮೂಲ ಪ್ರತಿ, ಬೈಲಾದ (ಸಂಘದ ನಿಯಮಾವಳಿಯ) ದೃಢೀಕೃತ ಪ್ರತಿ ಮತ್ತು ಈವರೆಗಿನ ತಿದ್ದುಪಡಿಗಳು, ಸಂಘದ ಪ್ಯಾನ್ ಕಾರ್ಡ್, ನಡಾವಳಿ ಪುಸ್ತಕ (ಎಷ್ಟನೇ ಪುಟದವರೆಗೆ ಬರೆದಿದೆ ಎಂಬುದೂ ಸೇರಿ), ಸದಸ್ಯತ್ವ ರಿಜಿಸ್ಟರು, ಬ್ಯಾಂಕ್ ಪಾಸ್‌ಬುಕ್, ಚೆಕ್‌ಬುಕ್ಕಿನಲ್ಲಿ ಉಳಿದ ಹಾಳೆಗಳ ನಂಬರು, ರಸೀದಿ ಪುಸ್ತಕಗಳ ಕ್ರಮಸಂಖ್ಯೆ, ಕಳೆದ ವರ್ಷಗಳ ಆಡಿಟ್ ವರದಿ, ನೋಂದಣಾಧಿಕಾರಿಗೆ ಸಲ್ಲಿಸಿದ್ದರ ಸ್ವೀಕೃತಿ, ಸೀಲು, ಲೆಟರ್‌ಹೆಡ್, ಉತ್ತರ ಬರಬೇಕಾದ ಪತ್ರಗಳು. ರಸೀದಿ ಪುಸ್ತಕದ ವಿಷಯದಲ್ಲಿ ದಾಕ್ಷಿಣ್ಯ ಬೇಡವೇ ಬೇಡ. ಸದಸ್ಯತ್ವ ಮಾಡಿಸಲಿ ಅಂತ ತಾಲ್ಲೂಕಿಗೊಂದು ಪುಸ್ತಕ ಹಂಚಿರುತ್ತಾರೆ, ಒಂದೆರಡು ವಾಪಸ್ ಬಂದಿರೋದೇ ಇಲ್ಲ. ಬಾರದ ಪುಸ್ತಕದ ನಂಬರು ಬರೆದು, "ಇವು ರದ್ದು" ಎಂದು ಕಾರ್ಯಕಾರಿ ಸಮಿತಿಯಲ್ಲಿ ಠರಾವು ಮಾಡಿ, ಸದಸ್ಯರಿಗೆಲ್ಲ ತಿಳಿಸಿ. ಹಾಗೆ ಮಾಡದಿದ್ದರೆ ಆ ರಸೀದಿಯಲ್ಲಿ ಯಾರು ಹಣ ಪಡೆದರೂ ಲೆಕ್ಕ ಕೇಳೋದು ನಿಮ್ಮನ್ನೇ.

ಇನ್ನೊಂದು, ಈಗಿನ ಕಾಲದ್ದು. ಸಂಘದ ಇಮೇಲ್, ಡ್ರೈವ್, ಆದಾಯ ತೆರಿಗೆ ಪೋರ್ಟಲ್ ಎಲ್ಲಕ್ಕೂ ಓಟಿಪಿ ಹೋಗೋದು ಯಾರ ಫೋನಿಗೆ? ಬಹಳ ಸಂಘಗಳಲ್ಲಿ ಅದು ಹಿಂದಿನವರ ಸ್ವಂತ ನಂಬರು. ಅವರು ವರ್ಗವಾಗಿ ಬೀದರ್ ಕಡೆ ಹೋದರೋ, ನಿವೃತ್ತರಾಗಿ ನಂಬರು ಬದಲಿಸಿದರೋ, ಬಾಗಿಲು ಮುಚ್ಚಿದಂತೆಯೇ. ಚಾರ್ಜ್ ಕೊಡುವ ದಿನ ಇಬ್ಬರೂ ಪಕ್ಕದಲ್ಲೇ ಕೂತು ಪಾಸ್‌ವರ್ಡ್, ರಿಕವರಿ ನಂಬರು ಬದಲಿಸಿಕೊಳ್ಳಿ. ಸಂಘದ ಹೆಸರಿನಲ್ಲೇ ಒಂದು ಸಿಮ್ ಇಟ್ಟರೆ ಇನ್ನೂ ಒಳ್ಳೇದು.

ಕೋಟೆ ಕೆಳಗೆ, ಬಳ್ಳಾರಿ:
ಕಾನೂನಿನ ಭಾಗ ನಾನು ಹೇಳುತ್ತೇನೆ. ನಿಮ್ಮಂಥ ಸಂಘ ನೋಂದಣಿಯಾಗೋದು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿ. ಕಾರ್ಯದರ್ಶಿ ನೆನಪಿಡಬೇಕಾದದ್ದು 13ನೇ ಪ್ರಕರಣ. ವಾರ್ಷಿಕ ಸರ್ವಸದಸ್ಯರ ಸಭೆ ಆದ 14 ದಿನದೊಳಗೆ ಆಡಳಿತ ಮಂಡಳಿಯವರ ಹೆಸರು, ವಿಳಾಸ, ಉದ್ಯೋಗದ ಪಟ್ಟಿ, ಜೊತೆಗೆ ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಮತ್ತು ಲೆಕ್ಕ ಪರಿಶೋಧಕರ ವರದಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಇದು ಸಹಕಾರ ಇಲಾಖೆಯ ವ್ಯಾಪ್ತಿ. ಸಂಘದ ನೋಂದಾಯಿತ ಕಚೇರಿ ಯಾವ ಜಿಲ್ಲೆಯಲ್ಲಿದೆಯೋ ಆ ಜಿಲ್ಲೆಯದೇ ಲೆಕ್ಕ. ಕಾರ್ಯದರ್ಶಿ ಕೊಪ್ಪಳದವರು ಅಂತ ಕೊಪ್ಪಳದಲ್ಲಿ ಕೊಟ್ಟರೆ ಆಗಲ್ಲ.

ಇದು ತಪ್ಪಿದರೆ ದಂಡ ಶುಲ್ಕವಷ್ಟೇ ಅಲ್ಲ, ಪೆಟ್ಟು ಬೀಳೋದು ಬೇರೆ ಕಡೆ. ಚುನಾವಣೆ ಆಗಿ ಹೊಸ ಸಮಿತಿ ಬಂತು ಅಂದುಕೊಳ್ಳಿ. ಬ್ಯಾಂಕಿನಲ್ಲಿ ಸಹಿ ಬದಲಿಸಲು ಹೋದರೆ ನೋಂದಣಾಧಿಕಾರಿ ಕಚೇರಿಯಲ್ಲಿ ದಾಖಲಾದ ಸಮಿತಿ ಪಟ್ಟಿ ಕೇಳುತ್ತಾರೆ. ಅಲ್ಲಿ ಹಿಂದಿನ ವರ್ಷಗಳ ಪಟ್ಟಿಯೇ ಸಲ್ಲಿಕೆಯಾಗಿರಲ್ಲ. ಹಿಂದಿನದ್ದು ಸಲ್ಲಿಸಲು ಆಡಿಟ್ ಬೇಕು, ಆಡಿಟ್‌ಗೆ ವೋಚರ್ ಬೇಕು, ವೋಚರ್ ಹಳೆಯ ಖಜಾಂಚಿ ಮನೆಯಲ್ಲಿ. ಇಷ್ಟರಲ್ಲಿ ಖಾತೆಯಲ್ಲಿ ಎರಡು ವರ್ಷ ವ್ಯವಹಾರ ನಡೆದಿಲ್ಲ ಅಂದರೆ ಬ್ಯಾಂಕು ಅದನ್ನು ನಿಷ್ಕ್ರಿಯ ಖಾತೆ ಮಾಡಿರುತ್ತದೆ. ಹಾಗಾಗಿ ಒಪ್ಪಿಕೊಳ್ಳುವ ಮೊದಲೇ ಒಂದು ಪ್ರಶ್ನೆ ಕೇಳಿ: "ಕೊನೆಯ ಸಲ ಸಲ್ಲಿಸಿದ ಪಟ್ಟಿಯ ಸ್ವೀಕೃತಿ ತೋರಿಸಿ." ತೋರಿಸಲಾಗದಿದ್ದರೆ, ಎಷ್ಟು ವರ್ಷದ ಬಾಕಿ, ಅದನ್ನು ಯಾರು ತೀರಿಸುತ್ತಾರೆ ಅಂತ ನಡಾವಳಿಯಲ್ಲಿ ಬರೆಸಿದ ಮೇಲೆ ಹೂಂ ಅನ್ನಿ.

ಬೈಲಾದಲ್ಲಿ ಸಂಘದ ವ್ಯಾಪ್ತಿ ಹೇಗೆ ಬರೆದಿದೆ ನೋಡಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಆ ಕಡೆ ಹೋದವು. ಬೈಲಾದಲ್ಲಿ "ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳು" ಅಂತಷ್ಟೇ ಇದ್ದರೆ ಹೊಸಪೇಟೆಯ ಗ್ರಂಥಪಾಲಕರು ಮತದಾರರೋ ಅಲ್ಲವೋ? ಬಿಗಿ ಚುನಾವಣೆ ಆದಾಗ ಇದೇ ತಕರಾರು ಮೇಲೇಳೋದು. ವ್ಯಾಪ್ತಿಗೆ ವಿಜಯನಗರ ಜಿಲ್ಲೆಯ ಹೆಸರನ್ನೂ ಸೇರಿಸಿ ಸರ್ವಸದಸ್ಯರ ಸಭೆಯಲ್ಲಿ ತಿದ್ದುಪಡಿ ಮಾಡಿ. ತಿದ್ದುಪಡಿ ನೋಂದಣಾಧಿಕಾರಿ ಕಚೇರಿಯಲ್ಲಿ ದಾಖಲಾಗುವ ತನಕ ಹಳೆಯ ಬೈಲಾವೇ ಜಾರಿಯಲ್ಲಿರುತ್ತದೆ ಅಂದುಕೊಂಡೇ ನಡೆಯಿರಿ.

ಕೊಪ್ಪಳದ ಓದುಗ:
ವಿಜಯನಗರದ ವಿಷಯ ಹೊಳೆದೇ ಇರಲಿಲ್ಲ. ನೋಟಿಸು ಗೀಟಿಸು ಬಂದರೆ ಯಾರ ಹೆಸರಿಗೆ ಬರುತ್ತದೆ ಸರ್?

ಕೋಟೆ ಕೆಳಗೆ, ಬಳ್ಳಾರಿ:
ಬೈಲಾದಲ್ಲಿ ಬೇರೆ ಹೇಳಿಲ್ಲದಿದ್ದರೆ ಅಧ್ಯಕ್ಷರು ಇಲ್ಲವೇ ಕಾರ್ಯದರ್ಶಿ ಹೆಸರಿಗೆ. ಲಕೋಟೆ ಮೇಲೆ ನಿಮ್ಮ ಕಾಲೇಜಿನ ವಿಳಾಸ ಇರುತ್ತದೆ, ಪ್ರಾಂಶುಪಾಲರ ಮೇಜಿಗೇ ಬರುತ್ತದೆ. ಅದಕ್ಕೇ ಸಂಘದ ಪತ್ರವ್ಯವಹಾರದ ವಿಳಾಸ ಬೇರೆ ಇರಲಿ.

ಲೆಡ್ಜರ್ ಅಕ್ಕ, ಗಂಗಾವತಿ:
ಕಾರ್ಯದರ್ಶಿ ಯಾರಾಗ್ತಾರೆ ಅನ್ನೋದಕ್ಕಿಂತ ಖಜಾಂಚಿ ಯಾರು ಅಂತ ಮೊದಲು ಕೇಳ್ರಿ. ಲೆಕ್ಕ ಬರೆಯದ ಖಜಾಂಚಿ ಸಿಕ್ಕರೆ ಎರಡೂ ಕೆಲಸ ನಿಮ್ಮದೇ. ಅಧ್ಯಕ್ಷರು ವೇದಿಕೆ ಮೇಲೆ ಚೆನ್ನಾಗಿ ಮಾತಾಡಿದರೆ ಸಾಕು.

ಹಣದ ವಿಷಯಕ್ಕೆ ಬರ್ತೀನಿ. ಖಾತೆ ಜಂಟಿ ಸಹಿಯದ್ದಿರಬೇಕು: ಖಜಾಂಚಿ ಸಹಿ ಕಡ್ಡಾಯ, ಜೊತೆಗೆ ಅಧ್ಯಕ್ಷ ಅಥವಾ ಕಾರ್ಯದರ್ಶಿ. ಇದರಲ್ಲೊಂದು ತೊಡಕು ಅದ. ಇಬ್ಬರೂ ಸೇರಿ ಸಹಿ ಹಾಕಬೇಕಾದ ಖಾತೆಗೆ ಮೊಬೈಲಿನ ಯುಪಿಐ ಆ್ಯಪ್ ಸುಲಭಕ್ಕೆ ಜೋಡಿಸೋಕೆ ಬರಲ್ಲ. ಅದಕ್ಕೇ ಎಲ್ಲರೂ ಖಜಾಂಚಿಯ ಸ್ವಂತ ನಂಬರಿಗೆ ಫೋನ್‌ಪೇ ಮಾಡ್ತಾರೆ, ಗೊಂದಲ ಅಲ್ಲಿಂದಲೇ ಶುರು. ಸದಸ್ಯತ್ವದ ಹಣ, ಮನೆ ಬಾಡಿಗೆ, ಮಗಳ ಫೀ ಎಲ್ಲ ಒಂದೇ ಸ್ಟೇಟ್‌ಮೆಂಟಿನಲ್ಲಿ. ಬ್ಯಾಂಕಿನ ಶಾಖೆಯಲ್ಲೇ ಕೇಳಿ ಸಂಘದ ಖಾತೆಗೆ ಹಣ ಬರೋದಕ್ಕೆ ಮಾತ್ರ ಒಂದು ಕ್ಯೂಆರ್ ಮಾಡಿಸಿಕೊಳ್ರಿ. ಕೊಡೋದು ಚೆಕ್ ಅಥವಾ ಎರಡು ಸಹಿಯ ನೆಫ್ಟ್ ಅರ್ಜಿ ಮೂಲಕ. ಕೈಯಲ್ಲಿ ನಗದು 2,000 ರೂಪಾಯಿಗಿಂತ ಹೆಚ್ಚು ಇಟ್ಕೊಳ್ಳಬೇಡಿ, ಅದನ್ನೂ ಠರಾವಿನಲ್ಲೇ ಬರೆಸಿ.

ಆಜೀವ ಸದಸ್ಯತ್ವದ ಹಣ ಮುಟ್ಟಬಾರದು, ಠೇವಣಿ ಇಡಬೇಕು. ವರ್ಷದ ಖರ್ಚಿಗೆ ಅದರ ಬಡ್ಡಿ ಮತ್ತು ವಾರ್ಷಿಕ ಚಂದಾ ಮಾತ್ರ. ಒಂದೇ ವರ್ಷ ನಲವತ್ತು ಜನರಿಂದ ಆಜೀವ ಶುಲ್ಕ ತಗೊಂಡು ಅದರಲ್ಲೇ ಸಮ್ಮೇಳನ ಮುಗಿಸಿಬಿಡ್ತಾರೆ. ಆ ನಲವತ್ತು ಜನರಿಗೆ ಮುಂದಿನ ಇಪ್ಪತ್ತು ವರ್ಷ ಪತ್ರ ಕಳಿಸೋಕೆ ಹಣ ಎಲ್ಲಿಂದ? ಠೇವಣಿ ಇಡುವಾಗ ಸಂಘದ ಪ್ಯಾನ್ ಕೊಡಲೇಬೇಕು. ಟಿಡಿಎಸ್ (ಬ್ಯಾಂಕೇ ಮೊದಲು ಹಿಡಿಯೋ ತೆರಿಗೆ) ಕಡಿತ ಅನ್ವಯಿಸುವಷ್ಟು ಬಡ್ಡಿ ಬಂದಾಗ ಪ್ಯಾನ್ ಇಲ್ಲದಿದ್ದರೆ 20 ಪರ್ಸೆಂಟ್ ಹಿಡಿದುಬಿಡ್ತಾರೆ. 12ಎಬಿ ನೋಂದಣಿ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡಿಸೋದು) ಇದ್ದ ಸಂಘಕ್ಕೆ ರಿಟರ್ನ್ ನಮೂನೆ ಐಟಿಆರ್-7, ಇಲ್ಲದವಕ್ಕೆ ಸಾಮಾನ್ಯವಾಗಿ ಐಟಿಆರ್-5. 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಕೊಡಿಸೋ ಅನುಮೋದನೆ) ಇದ್ದರೂ 2,000 ರೂಪಾಯಿ ದಾಟಿದ ನಗದು ದೇಣಿಗೆಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗಲ್ಲ. ಮೊದಲೇ ಹೇಳಿಬಿಡ್ರಿ, ಆಮೇಲೆ ಮುನಿಸಿಕೊಳ್ತಾರೆ.

ಮಾರ್ಚ್ 31ಕ್ಕೆ ಪುಸ್ತಕ ಮುಗಿಸಿ, ಏಪ್ರಿಲ್‌ನಲ್ಲೇ ವೋಚರ್ ಜೋಡಿಸಿ ಸಿಎ ಕೈಗೆ ಕೊಡಿ. ಜುಲೈಗೆ ಹೋದರೆ ಅವರಿಗೆ ರಿಟರ್ನ್ ಗದ್ದಲ, ನಿಮ್ಮ ಸಣ್ಣ ಸಂಘದ ಫೈಲು ತಳಕ್ಕೆ ಹೋಗ್ತದ.

ರಾಯಚೂರು ಬಿಸಿಲು:
ಸಭೆ ದಿನದ ಬಗ್ಗೆ ಯಾರೂ ಹೇಳಲಿಲ್ಲ ನೋಡ್ರಿ. ಕಾಲೇಜಿನವರು ಭಾನುವಾರ ಇಡ್ರಿ ಅಂತಾರ. ಸಾರ್ವಜನಿಕ ಗ್ರಂಥಾಲಯದವರಿಗೆ ಭಾನುವಾರ ಕೆಲಸ, ಸೋಮವಾರ ವಾರದ ರಜಾ. ಭಾನುವಾರ ಸಭೆ ಇಟ್ರ ಅರ್ಧ ಸಂಘ ಬರಂಗಿಲ್ಲ, ಆಮೇಲೆ "ನಮ್ಮನ್ನ ಕೇಳಂಗಿಲ್ಲ" ಅನ್ನೂ ಮಾತು ಬರ್ತದ. ಎರಡನೇ ಶನಿವಾರ, ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗೆ ರಜಾ, ಆದ್ರ ಕಾಲೇಜಿನಾಗ ಪರೀಕ್ಷಾ ಇದ್ರ ಅದೂ ಇಲ್ಲ. ಕಾರ್ಯಕಾರಿ ಸಮಿತಿ ಸಭೆ ರಾತ್ರಿ ಎಂಟಕ್ಕ ಆನ್‌ಲೈನ್ ಮಾಡ್ರಿ, ಅದಕ್ಕ ಬೈಲಾದಾಗ ಅವಕಾಶ ಅದನೋ ಇಲ್ಲೋ ನೋಡ್ಕೊಂಡು. ಸರ್ವಸದಸ್ಯರ ಸಭೆ ಮಾತ್ರ ಒಂದು ಕಡೆ ಕೂಡಿ ಮಾಡ್ರಿ, ಒಂದು ವರ್ಷ ಭಾನುವಾರ, ಮುಂದಿನ ವರ್ಷ ಸೋಮವಾರ.

ಜಾಗ ಅಂದ್ರ ಸಿಂಧನೂರು. ಬಳ್ಳಾರಿಯಿಂದ ಸಿರುಗುಪ್ಪ ಮ್ಯಾಲೆ ಬರ್ತಾರ, ರಾಯಚೂರಿನವರು ಮಾನ್ವಿ ಮ್ಯಾಲೆ, ಕೊಪ್ಪಳದವರು ಗಂಗಾವತಿ, ಕಾರಟಗಿ ಮ್ಯಾಲೆ. ಜಿಲ್ಲಾ ಕೇಂದ್ರದಾಗ ಇಟ್ರ ಉಳಿದ ಎರಡು ಜಿಲ್ಲೆಯವರಿಗೆ ದಿನಪೂರ್ತಿ ಬಸ್ಸಿನಾಗ ಹೋಗ್ತದ. ಹನ್ನೊಂದಕ್ಕ ಶುರು ಮಾಡಿ ಮೂರಕ್ಕ ಮುಗಸ್ರಿ, ಹೆಣ್ಮಕ್ಕಳು ಕತ್ತಲಾಗೂದ್ರೊಳಗ ಮನಿ ಸೇರಬೇಕು. ಏಪ್ರಿಲ್, ಮೇದಾಗ ಬ್ಯಾಡ. ನಮ್ಮ ಕಡೆ ಬಿಸಿಲು ನಿಮಗ ಗೊತ್ತದ, ಶೀಟಿನ ಸಭಾಂಗಣದಾಗ ಮಧ್ಯಾಹ್ನ ಕುಂದ್ರೂದು ಶಿಕ್ಷೆ.

ನವೆಂಬರ್ 14ರಿಂದ 20 ಗ್ರಂಥಾಲಯ ಸಪ್ತಾಹ. ಆ ವಾರ ಸಂಘದಿಂದ ದೊಡ್ಡ ಕಾರ್ಯಕ್ರಮ ಇಡಬ್ಯಾಡ್ರಿ. ಪ್ರತಿಯೊಬ್ಬರದೂ ಅವರವರ ಗ್ರಂಥಾಲಯದಾಗ ಪ್ರದರ್ಶನ, ಭಾಷಣ ಸ್ಪರ್ಧೆ ಇರ್ತಾವ. ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಜನ್ಮದಿನ ಅಂತ ಆಚರಿಸೂದು ಆಗಸ್ಟ್ 12, ಅದನ್ನ ತಗೊಳ್ರಿ.

ಅರಿವು ಕೇಂದ್ರ, ಯಲಬುರ್ಗಾ:
ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನೂ ಮರೆಯಬೇಡಿ. 2019ರಲ್ಲಿ ಅವು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಹಳೆಯ ಬೈಲಾಗಳಲ್ಲಿ "ಇಲಾಖೆಯ ಗ್ರಂಥಾಲಯಗಳ ಮುಖ್ಯಸ್ಥರು" ಅಂತಿದ್ದರೆ ಪಂಚಾಯಿತಿ ಗ್ರಂಥಾಲಯ ನಡೆಸುವ ನಮ್ಮಂಥ ಮೇಲ್ವಿಚಾರಕರು ತಾಂತ್ರಿಕವಾಗಿ ಹೊರಗೆ. ಸಂಖ್ಯೆಯಲ್ಲಿ ಹಳ್ಳಿ ಗ್ರಂಥಾಲಯಗಳೇ ಹೆಚ್ಚು. ಪೂರ್ಣ ಮತ ಕೊಟ್ಟರೆ ಕಾಲೇಜಿನವರಿಗೆ ಭಯ, ಕೊಡದಿದ್ದರೆ ನಮಗೆ ಬೇಸರ. ಮಧ್ಯದ ದಾರಿ ಒಂದಿದೆ. ಸಹ ಸದಸ್ಯತ್ವ, ಕಡಿಮೆ ಚಂದಾ, ಕಾರ್ಯಕಾರಿ ಸಮಿತಿಯಲ್ಲಿ ಜಿಲ್ಲೆಗೊಂದು ಮೀಸಲು ಸ್ಥಾನ, ಆ ಸ್ಥಾನಕ್ಕೆ ಮತ ನಮ್ಮವರದ್ದೇ.

ಎಡದಂಡೆ, ಸಿಂಧನೂರು:
ಇದು ಒಪ್ಪತಕ್ಕ ಮಾತು. ಆದರೆ ಬೈಲಾ ತಿದ್ದುಪಡಿ ಎರಡೆರಡು ಸಲ ಬೇಡ. ವಿಜಯನಗರ, ಪಂಚಾಯಿತಿ ಗ್ರಂಥಾಲಯ, ಆನ್‌ಲೈನ್ ಸಭೆ ಮೂರನ್ನೂ ಒಂದೇ ಸಭಾ ಸೂಚನೆಯಲ್ಲಿ ತನ್ನಿ. ಹಳೆಯ ಸಾಲು ಎಡಕ್ಕೆ, ಹೊಸ ಸಾಲು ಬಲಕ್ಕೆ ಇರುವ ಕೋಷ್ಟಕ ಸೂಚನೆಯ ಜೊತೆಗೇ ಹೋಗಲಿ. "ಬೈಲಾ ತಿದ್ದುಪಡಿ ಬಗ್ಗೆ" ಅಂತ ಒಂದೇ ಸಾಲು ಹಾಕಿ ಸಭೆಯಲ್ಲಿ ಪಠ್ಯ ಓದಿದರೆ, ಗೈರಾದವರು ತಕರಾರು ತೆಗೆಯೋಕೆ ಅದೇ ಸಾಕು.

ಕೋಲನ್ ಮೇಷ್ಟ್ರು, ಬಳ್ಳಾರಿ:
ನಡಾವಳಿ ಬಗ್ಗೆ ನಾಲ್ಕು ಮಾತು. ಹೊಲಿಗೆ ಹಾಕಿದ, ಪುಟಸಂಖ್ಯೆ ಇರುವ ಪುಸ್ತಕ ಬೇಕು, ಬಿಡಿ ಹಾಳೆ ಬೇಡ. ಸಭೆ ಆರಂಭಕ್ಕೆ ಮೊದಲು ಅದೇ ಪುಸ್ತಕದಲ್ಲಿ ಹಾಜರಿ ಸಹಿ. ಆಮೇಲೆ ಸುತ್ತಾಡಿ ಸಹಿ ಹಾಕಿಸುವ ರೂಢಿ ಬಿಡಿ. ಪ್ರತಿ ಠರಾವಿಗೂ ಕ್ರಮಸಂಖ್ಯೆ, ಸೂಚಕರು, ಅನುಮೋದಕರು. ಬರೆದು ಮುಗಿದ ಮೇಲೆ ಉಳಿದ ಖಾಲಿ ಜಾಗಕ್ಕೆ ಗೆರೆ ಎಳೆದು ಅಧ್ಯಕ್ಷರ ಸಹಿ. ಎಲ್ಲದಕ್ಕೂ "ಸರ್ವಾನುಮತದಿಂದ" ಅಂತ ಬರೆಯಬಾರದು. ಇಬ್ಬರು ವಿರೋಧಿಸಿದರೆ ಇಬ್ಬರು ಎಂದೇ ಬರೆಯಿರಿ. ಹಾಗೆ ಬರೆಸಿದವರು ಮುಂದೆ ಜಗಳ ಮಾಡುವುದು ಕಡಿಮೆ.

ಬ್ಯಾಂಕಿಗೆ ಕೊಡುವ ಠರಾವು ಮಾತ್ರ ಅಕ್ಷರ ಅಕ್ಷರ ಸರಿಯಿರಬೇಕು. ಮಾದರಿ: "ಸಂಘದ ಇಂಥ ಬ್ಯಾಂಕಿನ ಇಂಥ ಶಾಖೆಯ ಉಳಿತಾಯ ಖಾತೆ ಸಂಖ್ಯೆ ಇಷ್ಟನ್ನು ಇನ್ನು ಮುಂದೆ ಖಜಾಂಚಿ ಕಡ್ಡಾಯವಾಗಿಯೂ, ಅಧ್ಯಕ್ಷ ಅಥವಾ ಕಾರ್ಯದರ್ಶಿ ಇವರಲ್ಲಿ ಒಬ್ಬರೂ ಸೇರಿ ಜಂಟಿಯಾಗಿ ನಿರ್ವಹಿಸತಕ್ಕದ್ದು, ಹಿಂದಿನ ಪದಾಧಿಕಾರಿಗಳ ಸಹಿ ಅಧಿಕಾರವನ್ನು ಇಂದಿನಿಂದ ಹಿಂಪಡೆಯಲಾಗಿದೆ ಎಂದು ತೀರ್ಮಾನಿಸಲಾಯಿತು." ಹೆಸರುಗಳು ಆಧಾರ್‌ನಲ್ಲಿ ಇರುವ ಹಾಗೇ ಇರಲಿ. ತಂದೆ ಹೆಸರಿನ ಇನಿಷಿಯಲ್ ಹಿಂದೆ ಮುಂದೆ ಆದರೂ ಕೆವೈಸಿಯಲ್ಲಿ ವಾಪಸ್ ಕಳಿಸುತ್ತಾರೆ.

ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಆಗದಿದ್ದರೆ ಅರ್ಧ ಗಂಟೆ ಮುಂದೂಡಿ ಅಲ್ಲೇ ನಡೆಸುವ ಅವಕಾಶ ಬಹಳ ಬೈಲಾಗಳಲ್ಲಿ ಇರುತ್ತದೆ. ಹಾಗೆ ಮುಂದೂಡಿದ ಸಭೆಯಲ್ಲಿ ಹಳೆಯ ಕಾರ್ಯಸೂಚಿ ಮಾತ್ರ. "ಅಧ್ಯಕ್ಷರ ಅನುಮತಿ ಮೇರೆಗೆ ಇತರ ವಿಷಯ" ಎಂಬ ಬಾಗಿಲಿನಿಂದ ಹಣದ ತೀರ್ಮಾನ ಒಳಗೆ ಬರಬಾರದು.

ಹಂಪಿ ಎಕ್ಸ್‌ಪ್ರೆಸ್:
ಕಾರ್ಯಾಗಾರಕ್ಕೆ ಪ್ರಾಯೋಜಕರನ್ನು ಹಿಡಿದರೆ ಖರ್ಚಿನ ತಲೆನೋವೇ ಇಲ್ಲವಲ್ಲ? ಪುಸ್ತಕ ವ್ಯಾಪಾರಿಗಳೇ ಊಟ, ಬ್ಯಾನರ್, ಬ್ಯಾಗು ಎಲ್ಲ ಕೊಡ್ತಾರೆ.

ಲೆಡ್ಜರ್ ಅಕ್ಕ, ಗಂಗಾವತಿ:
ಅಲ್ಲೇ ಇರೋದು ತಲೆನೋವು. ಕೂತವರೆಲ್ಲ ಪುಸ್ತಕ ಖರೀದಿ ಪಟ್ಟಿಗೆ ಸಹಿ ಹಾಕುವವರು. ನವೆಂಬರ್‌ನಲ್ಲಿ ಒಬ್ಬ ವ್ಯಾಪಾರಿಯ ಬ್ಯಾನರ್ ಕೆಳಗೆ ಫೋಟೋ, ಫೆಬ್ರವರಿಯಲ್ಲಿ ಅದೇ ವ್ಯಾಪಾರಿಯ ಕೊಟೇಶನ್‌ಗೆ ಒಪ್ಪಿಗೆ. ಸರ್ಕಾರಿ ಸಂಸ್ಥೆಗಳ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ, ಆಡಿಟ್‌ನವರು ಫೋಟೋನೂ ನೋಡ್ತಾರೆ.

ಕೋಲನ್ ಮೇಷ್ಟ್ರು, ಬಳ್ಳಾರಿ:
ಪೂರ್ತಿ ಬೇಡ ಅನ್ನುವುದು ಅತಿಯಾಯಿತು, ತಾಯಿ. ಹೊಸ ಪುಸ್ತಕ ಕಣ್ಣಿಗೆ ಬೀಳುವುದೇ ಮಳಿಗೆಗಳಲ್ಲಿ. ಬಳ್ಳಾರಿಯಲ್ಲಿ ಕೂತವರಿಗೆ ಬೆಂಗಳೂರಿನ ಪ್ರಕಾಶಕರ ಪಟ್ಟಿ ಕೈಗೆ ಸಿಗುವುದು ಇಂಥ ದಿನವೇ. ಮಳಿಗೆಗೆ ಎಲ್ಲರಿಗೂ ಒಂದೇ ದರ, ಮೊದಲೇ ಪ್ರಕಟಿಸಿ, ಸಂಘದ ಖಾತೆಗೆ ಹಣ, ರಸೀದಿ. ಊಟ, ಬ್ಯಾಗು, ವೇದಿಕೆಯ ಬ್ಯಾನರ್ ಯಾರಿಂದಲೂ ಬೇಡ.

ಲೆಡ್ಜರ್ ಅಕ್ಕ, ಗಂಗಾವತಿ:
ಮಳಿಗೆ ದರ ಒಪ್ಪಿದೆ ಸರ್. ಹಾಗಾದ್ರೆ ಊಟದ ಲೆಕ್ಕ ಹೇಳಿಬಿಡ್ತೀನಿ. 80 ಜನ ನೋಂದಾಯಿಸಿದರೆ 70 ಎಲೆಗೆ ಹೇಳ್ರಿ, ಹತ್ತು ಎಲೆ ಅರ್ಧ ಗಂಟೆಯಲ್ಲಿ ಹೆಚ್ಚಿಸಬಹುದು ಅಂತ ಅಡುಗೆಯವರ ಜೊತೆ ಮಾತಾಡಿ ಇಟ್ಕೊಳ್ರಿ. ನೋಂದಣಿ ಶುಲ್ಕದಲ್ಲಿ ಊಟ, ಚಹಾ, ಪ್ರಮಾಣಪತ್ರದ ಮುದ್ರಣ ಹೊರಬೇಕು. ಸಂಪನ್ಮೂಲ ವ್ಯಕ್ತಿಯ ಪ್ರಯಾಣ ಮಳಿಗೆ ಹಣದಿಂದ. ಮೆಮೆಂಟೋ ಬದಲು ಪುಸ್ತಕ ಕೊಡ್ರಿ, ಗ್ರಂಥಾಲಯದವರೇ ಗಾಜಿನ ಆನೆ ಕೊಟ್ಟರೆ ಹೇಗೆ!

ಅರಿವು ಕೇಂದ್ರ, ಯಲಬುರ್ಗಾ:
ಗ್ರಂಥಾಲಯ ಕರದ ಬಾಕಿ ಬಗ್ಗೆ ಸಂಘ ಏನಾದರೂ ಮಾಡಬಹುದಾ? ಮನವಿ ಕೊಟ್ಟರೆ ಫೋಟೋ ಪೇಪರಿನಲ್ಲಿ ಬರುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ.

ಕೋಟೆ ಕೆಳಗೆ, ಬಳ್ಳಾರಿ:
ಮನವಿಯಲ್ಲಿ ಹತ್ತು ಬೇಡಿಕೆ ಹಾಕಿದರೆ ಅಷ್ಟೇ ಆಗೋದು. ಒಂದು ಪತ್ರಕ್ಕೆ ಒಂದೇ ಬೇಡಿಕೆ, ಒಬ್ಬ ಅಧಿಕಾರಿ, ಒಂದು ಅಂಕಿ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಕರ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆ, ಅಂದರೆ ನೂರಕ್ಕೆ 6 ರೂಪಾಯಿ. ಸ್ಥಳೀಯ ಸಂಸ್ಥೆ ತೆರಿಗೆಯ ಜೊತೆ ವಸೂಲಿ ಮಾಡಿ ಗ್ರಂಥಾಲಯದ ಲೆಕ್ಕಕ್ಕೆ ಕೊಡಬೇಕಾದ ಹಣ ಅದು. ಎಷ್ಟು ವಸೂಲಾಯಿತು, ಎಷ್ಟು ವರ್ಗಾವಣೆಯಾಯಿತು ಅಂತ ಮೊದಲು ಅಂಕಿ ತರಿಸಿ. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಶುಲ್ಕ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಅರ್ಜಿ ವ್ಯಕ್ತಿಯ ಹೆಸರಿನಲ್ಲಿ ಹಾಕಿ, ಸಂಘದ ಹೆಸರಿನಲ್ಲಿ ಅಲ್ಲ, ಯಾಕಂದರೆ ಕಾಯ್ದೆ ಹಕ್ಕು ಕೊಟ್ಟಿರೋದು ನಾಗರಿಕರಿಗೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ. ಅಂಕಿ ಕೈಗೆ ಬಂದ ಮೇಲೆ ಮನವಿ ಬರೆದು ಟಪಾಲು ವಿಭಾಗದಲ್ಲಿ ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಸಾಹೇಬರ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡ ಪತ್ರಕ್ಕೆ ನಂಬರೇ ಬಿದ್ದಿರೋದಿಲ್ಲ, ಆಮೇಲೆ ಯಾವ ಕಡತದಲ್ಲಿ ಹುಡುಕುತ್ತೀರಿ?

ಸಂಘಕ್ಕೆ ನೇರವಾಗಿ ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ಹಣ ಕೇಳುತ್ತಾ ಓಡಾಡಬೇಡಿ. ಕಟ್ಟಡ, ಕಂಪ್ಯೂಟರ್ ಬೇಕಾದರೆ ಆಯಾ ಸಂಸ್ಥೆಯಿಂದಲೇ ಪ್ರಸ್ತಾವ ಹೋಗಲಿ. ಸಂಘ ಒಂದೇ ಮಾದರಿಯ ಅಂದಾಜು ಪಟ್ಟಿ ತಯಾರಿಸಿ ಹಂಚಿದರೆ ಸಾಕು.

ಕೊಪ್ಪಳದ ಓದುಗ:
ಇನ್ನು ಎರಡೇ ಪ್ರಶ್ನೆ. ಆಡಳಿತ ಮಂಡಳಿಯ ಅನುಮತಿ ಬೇಕಾ? ವಾರಕ್ಕೆ ಎಷ್ಟು ಸಮಯ ಹೋಗುತ್ತದೆ?

ಎಡದಂಡೆ, ಸಿಂಧನೂರು:
ಅನುಮತಿ ಲಿಖಿತವಾಗಿ ತಗೊಳ್ಳಿ, ಬಾಯಿಮಾತು ಬೇಡ. ಪತ್ರದಲ್ಲಿ ಮೂರು ವಿಷಯ ಇರಲಿ: ಗೌರವ ಹುದ್ದೆ, ಸಂಭಾವನೆ ಇಲ್ಲ, ಕಚೇರಿ ಸಮಯಕ್ಕೆ ಅಡ್ಡಿಯಾಗುವುದಿಲ್ಲ. ಸಂಘದ ಕೆಲಸಕ್ಕೆ ಹೋದ ದಿನ ಓಓಡಿ (ಅನ್ಯ ಕರ್ತವ್ಯದ ಹಾಜರಿ) ಸಿಗುತ್ತದೆ ಅಂತ ಎಣಿಸಬೇಡಿ. ಕಾರ್ಯಾಗಾರಕ್ಕೆ ಕೊಡಬಹುದು, ಕಾರ್ಯಕಾರಿ ಸಮಿತಿ ಸಭೆಗೆ ಸಿಎಲ್ಲೇ (ಸಾಂದರ್ಭಿಕ ರಜೆಯೇ) ಗತಿ. ಸರ್ಕಾರಿ ಕಾಲೇಜಿನವರಿಗೆ ಇನ್ನೂ ಬಿಗಿ: ನಡತೆ ನಿಯಮಗಳ ಪ್ರಕಾರ ಪೂರ್ವಾನುಮತಿಯಿಲ್ಲದೆ ದೇಣಿಗೆ ಸಂಗ್ರಹಿಸುವಂತಿಲ್ಲ. ಅವರ ಕೈಗೆ ದೇಣಿಗೆ ರಸೀದಿ ಪುಸ್ತಕ ಕೊಡಬೇಡಿ. ಪ್ರೊಬೇಷನ್ ಮುಗಿಯದವರನ್ನು ಪದಾಧಿಕಾರಿ ಮಾಡದಿರುವುದೇ ಲೇಸು.

ಸಮಯ ವಾರಕ್ಕೆ ಮೂರು ನಾಲ್ಕು ಗಂಟೆ ಅಂದುಕೊಳ್ಳಿ, ಸರ್ವಸದಸ್ಯರ ಸಭೆಯ ತಿಂಗಳು ಅದರ ಮೂರುಪಟ್ಟು. ಅದರಲ್ಲಿ ಅರ್ಧ ವಾಟ್ಸ್ಆ್ಯಪ್ ನುಂಗುತ್ತದೆ. ಸೂಚನೆಗಳಿಗೆ ಅಡ್ಮಿನ್ ಮಾತ್ರ ಬರೆಯುವ ಒಂದು ಗುಂಪು, ಹರಟೆಗೆ ಇನ್ನೊಂದು. ಹರಟೆ ಗುಂಪಿನ ಅಡ್ಮಿನ್ ನೀವು ಆಗಬೇಡಿ.

ರಾಯಚೂರು ಬಿಸಿಲು:
ಜಂಟಿ ಕಾರ್ಯದರ್ಶಿ ಬೇಕಂತ ಈಗಲೇ ಹೇಳ್ರಿ, ಅದೂ ಬ್ಯಾರೆ ಜಿಲ್ಲೆಯವರು. ನಡಾವಳಿ, ಪತ್ರವ್ಯವಹಾರ ನಿಮ್ಮದು. ಸದಸ್ಯತ್ವ, ಮತದಾರರ ಪಟ್ಟಿ ಅವರದು. ಚಂದಾ ಬಾಕಿ ಇದ್ದವರ ಪಟ್ಟಿ ಚುನಾವಣೆಗೆ ಎರಡು ತಿಂಗಳು ಮೊದಲೇ ಗುಂಪಿನಾಗ ಹಾಕಿಬಿಡ್ರಿ. ಮತದಾನದ ದಿನ ಬಾಕಿ ಕಟ್ಟಿಸ್ಕೊಂಡು ಮತ ಹಾಕಸೂದು ಬ್ಯಾಡ, ಕಡೀ ತಾರೀಖು ಚುನಾವಣಾಧಿಕಾರಿನ ಗೊತ್ತು ಮಾಡ್ಲಿ.

ಕೊಪ್ಪಳದ ಓದುಗ:
ಸರಿ. ಮೂರು ಷರತ್ತು ಬರೆದು ಕಳಿಸುತ್ತೇನೆ: ಹಿಂದಿನ ಸಲ್ಲಿಕೆಗಳ ಸ್ವೀಕೃತಿ, ರಸೀದಿ ಪುಸ್ತಕಗಳ ಪಟ್ಟಿ, ರಾಯಚೂರು ಕಡೆಯ ಒಬ್ಬರು ಜಂಟಿ ಕಾರ್ಯದರ್ಶಿ.

ಲೆಡ್ಜರ್ ಅಕ್ಕ, ಗಂಗಾವತಿ:
ನಾಲ್ಕನೇದು ಖಜಾಂಚಿ ಹೆಸರು. ಅದು ಖಾಲಿ ಇದ್ದರೆ ಪತ್ರ ಕಳಿಸಬೇಡ್ರಿ.